ನೆಲಮಾಳಿಗೆಯ ಬಾಗಿಲಲ್ಲಿ ಕದಿರಪ್ಪ

ಚಾಂಪಿಯನ್ ರೀಫ್ಸಿನ ಗಣಿಯಲ್ಲಿ ಕದಿರಪ್ಪನದು ಮರ ಕಟ್ಟುವ ಕೆಲಸ. ಚಿನ್ನದ ಕಲ್ಲು ತೆಗೆದು ಖಾಲಿಯಾದ ಜಾಗದಲ್ಲಿ ಸೂರು ಕುಸಿಯದ ಹಾಗೆ ದಿಮ್ಮಿ ನಿಲ್ಲಿಸಿ ಬಿಗಿಯಬೇಕು. ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ ಅಪ್ಪನ ಜೊತೆ ಕೂಲಿಗೆ ಹೋಗುತ್ತಿದ್ದವನು, ಮೀಸೆ ಮೂಡುವ ವಯಸ್ಸಿಗೆ ಗಣಿ ಸೇರಿದ. ಭೂಮಿಯೊಳಗಿನ ಕತ್ತಲೂ ಕಾವೂ ಅವನಿಗೆ ಬೇಗ ಒಗ್ಗಿದವು. ಒಗ್ಗದೆ ಉಳಿದದ್ದು ಹೆಂಡತಿ ನರಸಮ್ಮನ ಒಂದು ಅಭ್ಯಾಸ.

ಒಳಗೆಲ್ಲೋ ಬಂಡೆ ಸಿಡಿದರೆ ಮೇಲೆ ಗಣಿಯಾಳುಗಳ ಲೈನುಮನೆಗಳ ನೆಲ ಅದುರುತ್ತಿತ್ತು, ಅಟ್ಟದ ಮೇಲಿನ ಪಾತ್ರೆಗಳು ಉರುಳುತ್ತಿದ್ದವು. ನರಸಮ್ಮ ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದಳು. ಆಳುಗಳನ್ನು ಇಳಿಸಿ ಏರಿಸುವ ಕೇಜಿನಲ್ಲಿ ಮೇಲೆ ಬಂದ ಕದಿರಪ್ಪನಿಗೆ ಜೊತೆಯವರ ಮುಂದೆ ಅವಳನ್ನು ಕಂಡರೆ ನಾಚಿಕೆ, ಅದರ ಬೆನ್ನಿಗೇ ಸಿಟ್ಟು.

"ದಿನಾ ಒಂದ್ ಕಡೆ ಸಿಡೀತದೆ. ದಿನಾ ಇಂಗೆ ಓಡಿ ಬಂದ್ರೆ ಜನ ನಗಲ್ವಾ?"

ಅವಳು ಅವನ ಹಿಂದೆ ನಡೆದು ಬರುತ್ತಿದ್ದಳು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಬಂಡೆ ದೊಡ್ಡದಾಗಿ ಸಿಡಿಯಿತು. ಪಕ್ಕದ ಮನೆಯ ಪೆರುಮಾಳ್, ಕದಿರಪ್ಪನ ಜೋಡಿಯಾಗಿ ಮರ ಕಟ್ಟುತ್ತಿದ್ದವನು, ಕಲ್ಲಿನಡಿ ಉಳಿದುಹೋದ. ದಿಮ್ಮಿ ತರಲು ಬೇರೆ ಸುರಂಗಕ್ಕೆ ಹೋಗಿದ್ದ ಕದಿರಪ್ಪ ಬದುಕಿ, ಮಾರನೆಯ ಬೆಳಿಗ್ಗೆ ಹೊರಗೆ ಬಂದ. ಆ ದಿನದ ಮಾತನ್ನು ಗಂಡಹೆಂಡಿರಿಬ್ಬರೂ ಎತ್ತಲಿಲ್ಲ. ಪೆರುಮಾಳನ ಹೆಂಡತಿ ಮಾರಿಯಮ್ಮ ಎದುರಿಗೆ ಬಂದರೆ ಕದಿರಪ್ಪ ತಲೆ ತಗ್ಗಿಸಿ ದಾಟಿಹೋಗುತ್ತಿದ್ದ.

ಕೆಲವು ವರ್ಷಗಳ ಮೇಲೆ, ದಸರೆಯ ರಜೆಗೆ, ಇಬ್ಬರೂ ಬಂಗಾರಪೇಟೆಯಲ್ಲಿ ರೈಲು ಹತ್ತಿ ಮೈಸೂರು ನೋಡಲು ಹೊರಟರು. ಅರಮನೆ ಆಯಿತು, ಬೆಟ್ಟ ಆಯಿತು. ಆದರೆ ನರಸಮ್ಮನಿಗೆ ಜೋಡಿ ಗೋಪುರದ ಚರ್ಚನ್ನು ನೋಡದೆ ಊರು ಬಿಡುವ ಮನಸ್ಸಿರಲಿಲ್ಲ. ಅದರ ಸುದ್ದಿಯನ್ನು ಲೈನಿನ ಹೆಂಗಸರು ಎಷ್ಟೋ ಸಲ ಹೇಳಿದ್ದರು.

ಬಾಗಿಲ ಮುಂದೆ ನಿಂತು ಗೋಪುರದ ತುದಿ ನೋಡಲು ಹೋದ ಕದಿರಪ್ಪ ತಲೆಯ ರುಮಾಲು ಬೀಳದಂತೆ ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಒಳಗೆ ಹೆಜ್ಜೆಯಿಟ್ಟರೆ ತಂಪು, ಮೇಣದ ವಾಸನೆ. ಬಣ್ಣದ ಗಾಜಿನಿಂದ ಇಳಿದ ಬಿಸಿಲು ನೆಲದ ಮೇಲೆ ಕೆಂಪಾಗಿ ನೀಲಿಯಾಗಿ ಬಿದ್ದಿತ್ತು. ದೇವರ ಚಿತ್ರದ ಬೆಳಕನ್ನು ತುಳಿಯಬಾರದೆಂದು ನರಸಮ್ಮ ಸುತ್ತಿಕೊಂಡು ನಡೆದಳು. ಕದಿರಪ್ಪನ ಕಣ್ಣು ಮಾತ್ರ ಸೂರಿನಲ್ಲೇ ಇತ್ತು. ಕಮಾನುಗಳು ಎರಡು ಕಡೆಯಿಂದಲೂ ಏರಿ ಆಕಾಶದಷ್ಟು ಎತ್ತರದಲ್ಲಿ ಚೂಪಾಗಿ ಕೂಡಿದ್ದವು. ನಡುವೆ ಒಂದು ದಿಮ್ಮಿಯ ಆಸರೆಯೂ ಇಲ್ಲ. ಇಂಥ ಸೂರಿನಡಿ ನಿಲ್ಲುವುದು ಅವನ ಮೈಗೆ ಹಿಡಿಸಲಿಲ್ಲ. ಕತ್ತಿನ ಹಿಂದೆ ಬೆವರಿತು.

ಪೂಜಾಪೀಠದ ಹತ್ತಿರ ಮೆಟ್ಟಿಲುಗಳು ಕೆಳಗಿಳಿಯುತ್ತಿದ್ದವು.

"ಕೆಳಗೆ ಸಂತಮ್ಮ ಮಲಗವ್ಳಂತೆ. ಬಾ, ನೋಡ್ಕೊಂಡ್ ಬರಾಣ," ಎಂದಳು ನರಸಮ್ಮ.

"ವರ್ಷವೆಲ್ಲಾ ನೆಲದೊಳಗೇ ಇರ್ತೀನಿ. ರಜದಲ್ಲೂ ಇಳೀಬೇಕಾ? ನೀನೇ ಓಗ್ ಬಾ."

ಅವಳು ನಕ್ಕು, ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದಳು. ಕದಿರಪ್ಪ ಕಂಬಕ್ಕೆ ಒರಗಿ ನಿಂತ.

ಜನ ಇಳಿಯುತ್ತಲೇ ಇದ್ದರು. ಕೂಸನ್ನೆತ್ತಿಕೊಂಡ ಹೆಂಗಸು ಇಳಿದಳು, ಕೋಲು ಹಿಡಿದ ಮುದುಕ ಇಳಿದ, ಟೋಪಿ ಹಾಕಿದ ಪೇಟೆಯವರು ಇಳಿದರು. ಸ್ವಲ್ಪ ಹೊತ್ತಿನ ಮೇಲೆ ಕದಿರಪ್ಪನಿಗೆ ಹೊಳೆಯಿತು: ಯಾರೂ ಮೇಲೆ ಬರುತ್ತಿಲ್ಲ. ಗಣಿಯಲ್ಲಿ ಒಂದು ಕೇಜು ಇಳಿದರೆ ಇನ್ನೊಂದು ಏರುತ್ತದೆ. ಇಲ್ಲಿ ಬರೀ ಇಳಿಯುವುದೇ. ಅವನು ಬಾಗಿಲಿಗೆ ಬಂದು ಬಗ್ಗಿ ನೋಡಿದ. ಮೆಟ್ಟಿಲು ತಿರುಗಿದಲ್ಲಿ ಮಬ್ಬು ಬೆಳಕು.

"ನರ್ಸೀ!"

ಕೂಗು ಕೆಳಗೆ ಹೋಗಿ ಗೋಡೆಗೆ ಬಡಿದು ವಾಪಸು ಬಂತು. ಬೆಂಚುಗಳಲ್ಲಿ ಮೊಣಕಾಲೂರಿದ್ದವರು ತಿರುಗಿ ನೋಡಿದರು. ಪೀಠ ಒರೆಸುತ್ತಿದ್ದ ಮುದುಕನೊಬ್ಬ ಬೆರಳನ್ನು ತುಟಿಗಿಟ್ಟ.

ಅಷ್ಟರಲ್ಲಿ ಕೆಳಗಿನಿಂದ ಹೆಣ್ಣಿನ ಚೀತ್ಕಾರ. ಅದರ ಹಿಂದೆಯೇ ಗದ್ದಲ. "ನೀರು, ನೀರು ತನ್ನಿ!"

ಇಷ್ಟು ವರ್ಷ ಪಾತಾಳಕ್ಕೆ ಇಳಿದ ಕಾಲು ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಿತು. ಗಣಿಯೊಳಗಿದ್ದಾಗ ಇಂಥ ಹೆದರಿಕೆ ಎಂದೂ ಆಗಿರಲಿಲ್ಲ. ಅಲ್ಲಿ ಕೈಗೆ ಕೆಲಸವಿರುತ್ತಿತ್ತು, ಕಿವಿಗೆ ಬಂಡೆಯ ಸದ್ದಿರುತ್ತಿತ್ತು. ಇಲ್ಲಿ ಎರಡೂ ಕೈ ಖಾಲಿ. ಅವನು ಗೋಡೆ ಹಿಡಿದುಕೊಂಡು, ಮುಂದಿದ್ದವರನ್ನು ತಳ್ಳಿಕೊಂಡು ಇಳಿದ.

ಇಕ್ಕಟ್ಟಾದ ಓಣಿ. ಜನ ಗುಂಪುಗಟ್ಟಿದ್ದರು. ಅವರ ಕಾಲುಗಳ ನಡುವೆ ನೆಲದ ಮೇಲೆ ಹರಡಿದ್ದ ಹಸಿರು ಸೆರಗು ಕಾಣಿಸಿತು. ಕದಿರಪ್ಪ ನುಗ್ಗಿ ಮೊಣಕಾಲೂರಿ, ಮುಖದ ಮೇಲಿದ್ದ ಸೆರಗು ಸರಿಸಿದ. ಗುರುತಿಲ್ಲದ ಮುಖ. ಕಣ್ಣು ಮುಚ್ಚಿದ್ದರೂ ಉಸಿರಾಡುತ್ತಿದ್ದಳು.

"ಯಾರಯ್ಯಾ ನೀನು? ಉಸಿರುಗಟ್ಟಿ ತಲೆ ಸುತ್ತಿ ಬಿದ್ದವ್ಳೆ, ಗಾಳಿ ಬಿಡು!" ಅವಳ ಕಡೆಯವನೊಬ್ಬ ಗದರಿದ.

"ನನ್ ಹೆಂಡ್ತಿ... ಅಸಿರು ಸೀರೆ..."

"ನೋಡಿದೋರೆಲ್ಲಾ ಆ ಕಡೆ ಮೆಟ್ಲು ಹತ್ತಿ ಹೋಗ್ತಾರಪ್ಪ. ಇದು ಬರೋ ದಾರಿ, ಅದು ಹೋಗೋ ದಾರಿ," ಎಂದ ಅವನು.

ಆ ಕಡೆಯ ಮೆಟ್ಟಿಲು ಹತ್ತಿ ಹೊರಗೆ ಬಂದರೆ ಕಣ್ಣು ಕುಕ್ಕುವ ಬಿಸಿಲು. ಅಲ್ಲೂ ನರಸಮ್ಮ ಇಲ್ಲ. ಕದಿರಪ್ಪ ಗೋಡೆಯ ಉದ್ದಕ್ಕೂ ಓಡಿದ. ರುಮಾಲು ಬಿಚ್ಚಿ ಹೆಗಲಿಗೆ ಬಿತ್ತು. ಮುಂಬಾಗಿಲಲ್ಲಿ, ಅವನನ್ನೇ ಹುಡುಕುತ್ತ, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನಿಂತಿದ್ದಳು ಅವಳು.

"ಎಲ್ಲೋಗಿದ್ದಯ್ಯಾ? ನಾನಿಲ್ಲಿ..." ಎಂದವಳು ಗಂಡನ ಮುಖ ನೋಡಿ ಮಾತು ನಿಲ್ಲಿಸಿದಳು.

ಕದಿರಪ್ಪ ಅವಳ ರಟ್ಟೆ ಹಿಡಿದುಕೊಂಡ. ಹೊರಗಿನ ಕಲ್ಲುಮೆಟ್ಟಿಲ ಮೇಲೆ ಕೂತ. ನರಸಮ್ಮ ಪಕ್ಕದಲ್ಲೇ ಕೂತು, ಸೆರಗಿನಿಂದ ಅವನ ಕತ್ತು ಒರೆಸಿದಳು.

ವಾಪಸು ಬರುವಾಗ, ರೈಲು ಬಂಗಾರಪೇಟೆಯನ್ನು ಸಮೀಪಿಸುತ್ತಿದ್ದಂತೆ, ಕಿಟಕಿಯ ಕಡೆ ಮುಖ ಮಾಡಿಯೇ ಅವನು ಕೇಳಿದ: "ಪೆರುಮಾಳ್ ಓಗ್ಬಿಟ್ಟ ದಿನ ನೀನೆಲ್ಲಿ ನಿಂತಿದ್ದೆ?"

"ತಂತಿ ಬೇಲಿ ಅತ್ರ. ಮಾರಿಯಮ್ಮ ನನ್ ಕೈ ಇಡ್ಕೊಂಡಿದ್ಲು. ಬೆಳಗ್ಗೆ ಕೇಜು ಬಂತು, ನೀನು ಇಳಿದೆ. ನೋಡ್ದೆ. ಆದ್ರೆ ಅವಳ ಕೈ ಬಿಡಾಕ್ ಆಗ್ಲಿಲ್ಲ. ಅದಕ್ಕೇ ಬರ್ಲಿಲ್ಲ ನಿನ್ ಅತ್ರ."

ಅಷ್ಟು ದಿನ ಓಡಿ ಬಂದವಳು ಆವತ್ತೊಂದು ದಿನ ಬರಲಿಲ್ಲವಲ್ಲ ಎಂಬ ಕೊರಗು ಕದಿರಪ್ಪನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮುಂದಿನ ವರ್ಷ ಕದಿರಪ್ಪ ಮೇಸ್ತ್ರಿಯನ್ನು ಕಾಡಿ ಬೇಡಿ ನೆಲದ ಮೇಲಿನ ಮರದ ಡಿಪೋಗೆ ಕೆಲಸ ಬದಲಿಸಿಕೊಂಡ. ಹೆಂಡತಿಗೆ ಹೆದರಿದ ಎಂದು ಜೊತೆಯವರು ನಕ್ಕರು. ನಗಲಿ ಎಂದ. ಆದರೆ ಅದಕ್ಕೂ ಮೊದಲು, ಮೈಸೂರಿನಿಂದ ಬಂದ ಮರುದಿನವೇ, ಅವನು ಮಾರಿಯಮ್ಮನ ಮನೆಯ ಬಾಗಿಲಿಗೆ ಹೋಗಿ ನಿಂತಿದ್ದ.

"ವಾಂಗಣ್ಣಾ, ಒಳಗೆ ಬನ್ನಿ," ಎಂದು ಅವಳು ಮಣೆ ಹಾಕಿದಳು. ಕದಿರಪ್ಪ ಕೂತ. ಬಂಡೆ ಸಿಡಿದ ದಿನ ಕೇಜಿನಲ್ಲಿ ಇಳಿಯುವಾಗ ಪೆರುಮಾಳ್ ಏನೇನು ಮಾತಾಡಿದ, ಯಾವುದಕ್ಕೆ ನಕ್ಕ, ದಿಮ್ಮಿ ತರಲು ಕದಿರಪ್ಪನನ್ನೇ ಏಕೆ ಕಳಿಸಿದ, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಮಾರಿಯಮ್ಮ ಅಳಲಿಲ್ಲ. ಮುಗಿಯಿತೆಂದಾಗ, "ಇನ್ನೊಂದ್ ಸಲ ಹೇಳಣ್ಣಾ," ಎಂದಳು.