ಸೆರಗಿಗೆ ಉಳಿಯಬೇಕಾದ ನೂಲು

ದೊಡ್ಡಪ್ಪನ ಹೊಟ್ಟೆಯ ಮೇಲೆ, ಹೊಕ್ಕುಳಿಗಿಂತ ಎರಡು ಬೆರಳು ಮೇಲೆ, ಅಡ್ಡಕ್ಕೆ ಒಂದು ಗೆರೆ ಇತ್ತು. ಅದು ಗಾಯದ ಗುರುತಲ್ಲ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವರ ಹೊಟ್ಟೆಯ ಮುಂದೆಯೇ, ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರ ಇರುತ್ತದೆ. ನಮ್ಮ ಮನೆಗಳಲ್ಲಿ ಅದಕ್ಕೆ ಪಡಮರ ಎನ್ನುತ್ತಾರೆ. ಲಾಳಿ ಹಿಡಿಯಲು ಬಾಗಿದಾಗೆಲ್ಲ ಆ ಮರ ಹೊಟ್ಟೆಗೆ ತಾಗುತ್ತದೆ. ಐವತ್ತು ವರ್ಷ ಹಾಗೆ ತಾಗಿ ತಾಗಿ ಬಿದ್ದ ಗೆರೆ ಅದು.

ನನ್ನ ನೆನಪಿನಲ್ಲಿ ಆ ಗೆರೆ ಕಪ್ಪು. ದೊಡ್ಡಮ್ಮ ಬಿಳಿ ಎನ್ನುತ್ತಾರೆ. "ದಿನಾ ನೋಡ್ದೋಳು ನಾನಾ, ಞಾಯಿತುಕೆಳಮೆ ಬಂದು ಹೋಗೋ ನೀನಾ?" ಎಂದು ಅವರು ಕೇಳಿದರೆ ಭಾನುವಾರದ ಅತಿಥಿಯಾದ ನಾನು ಬಿಳಿ ಎಂದೇ ಒಪ್ಪಿಕೊಳ್ಳುತ್ತೇನೆ. ಇಲ್ಲಿ ಬರೆಯುವ ಉಳಿದ ಸಂಗತಿಗಳಲ್ಲೂ ಬಣ್ಣ ಆಚೀಚೆ ಆಗಿರಬಹುದು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳುವವನಿಗೆ ಒಬ್ಬನೇ ಸಾಕ್ಷಿಯ ಮಾತಿನಲ್ಲಿ, ಆ ಸಾಕ್ಷಿ ತಾನೇ ಆದಾಗಲೂ, ನಂಬಿಕೆ ಕಡಿಮೆ.

ದೊಡ್ಡಪ್ಪ ನನ್ನ ಅಪ್ಪನ ಅಣ್ಣ. ಕೊಯಮತ್ತೂರಿನ ಹತ್ತಿರದ ಕಿಣತ್ತುಕಡವಿನಲ್ಲಿ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ಅರ್ಧ ಗಂಟೆ ನಡೆದರೆ ಸಿಗುವ ನೇಕಾರರ ಬೀದಿಯಲ್ಲಿ ಅವರ ಮನೆ. ಆ ಬೀದಿಯಲ್ಲಿ ಬಾಗಿಲೊಳಗೆ ಕನ್ನಡ, ಬಾಗಿಲಾಚೆ ತಮಿಳು. ಅವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ, ಮೈಸೂರಿಗೆ ಓದಲು ಹೋದಾಗ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಲಿತೆ.

ಅಣ್ಣತಮ್ಮಂದಿರಿಬ್ಬರೂ ಒಂದೇ ಮನೆಯಲ್ಲಿ ಅಕ್ಕಪಕ್ಕದ ಮಗ್ಗಗಳಲ್ಲಿ ನೇಯುತ್ತಿದ್ದವರು. ಮಗ್ಗದ ಮನೆಯಲ್ಲಿ ದಿನಕ್ಕೆ ಐದು ಹೊತ್ತು ಊಟ. ಬೆಳಿಗ್ಗೆ ಕಂಬಿನ (ಸಜ್ಜೆಯ) ಕೂಳು, ಹನ್ನೊಂದಕ್ಕೆ ಮಜ್ಜಿಗೆಯ ಜೊತೆ ಏನಾದರೂ, ಮಧ್ಯಾಹ್ನ ಅನ್ನ, ನಾಲ್ಕಕ್ಕೆ ಕಾಪಿ ಮತ್ತು ಕಾಳಿನ ಸುಂಡಲ್, ದೀಪ ಹಚ್ಚಿದ ಮೇಲೆ ಎರಡು ದೋಸೆ. ಹೊಟ್ಟೆ ತುಂಬಾ ಉಂಡರೆ ಪಡಮರದ ಮೇಲೆ ಬಾಗಲಾಗುವುದಿಲ್ಲ. ಉಣ್ಣದಿದ್ದರೆ ಕಾಲು ಮಗ್ಗದ ಮಣೆ ತುಳಿಯುವುದಿಲ್ಲ. ಅದಕ್ಕೇ ಐದು ಸಲ, ಸ್ವಲ್ಪ ಸ್ವಲ್ಪ.

ಮದುವೆಯಾದ ಮೇಲೆ ಅಪ್ಪ ಮಗ್ಗ ಬಿಟ್ಟು ಕೊಯಮತ್ತೂರಿಗೆ ಬಂದರು. ದೊಡ್ಡ ಜವಳಿ ಅಂಗಡಿಯೊಂದರಲ್ಲಿ ಬಿಳಿ ಹಾಸಿಗೆಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವ ಕೆಲಸ. ಮಗ್ಗ ಹಿಂದೆ ಉಳಿಯಿತು, ಐದು ಹೊತ್ತು ಜೊತೆಗೆ ಬಂತು. ಎದುರಿಗೆ ಹೊಟ್ಟೆಯನ್ನು ತಡೆಯುವ ಮರ ಇಲ್ಲದ್ದರಿಂದ ಒಂದೊಂದು ಹೊತ್ತೂ ದೊಡ್ಡದಾಗುತ್ತ ಹೋಯಿತು. ನಮ್ಮ ಬೀದಿ ಬಿಟ್ಟು ಪಟ್ಟಣ ಸೇರಿದ ಎಷ್ಟೋ ಮನೆಗಳಲ್ಲಿ ಇದೇ ನಡೆದಿದೆ. ಕುಳಿತ ಜಾಗದಲ್ಲೇ ಕೆಲಸ ಮಾಡುವುದು ನಮಗೆ ಹೊಸದಲ್ಲವಲ್ಲ. ವ್ಯತ್ಯಾಸ ಯಾರಿಗೂ ಕಾಣಲಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ ಅಪ್ಪನ ಬಲಗಾಲಿನ ಎರಡು ಬೆರಳು ತೆಗೆದರು. ಅದೇ ವರ್ಷ ಮೊಣಕಾಲಿನ ಕೆಳಗೆ ಪೂರ್ತಿ ತೆಗೆದರು. ಸಕ್ಕರೆ ಕಾಯಿಲೆ. ಆಮೇಲೆ ಬಹಳ ದಿನ ಉಳಿಯಲಿಲ್ಲ.

ನನಗೆ ನಲವತ್ತಾರು ತುಂಬಿದಾಗ ನಾನು ನೂರಾ ಆರು ಕಿಲೋ ಇದ್ದೆ. ಡಾಕ್ಟರು ರಕ್ತದ ರಿಪೋರ್ಟನ್ನು ನನ್ನ ಕಡೆ ತಿರುಗಿಸಿ, "ಅಪ್ಪನಿಗೆ ಏನಾಯ್ತು ಅಂತ ಹೇಳಿದ್ರಿ?" ಎಂದು ಇನ್ನೊಮ್ಮೆ ಕೇಳಿದರು. ನಾನು ತೂಕ ಇಳಿಸದವನೇನಲ್ಲ. ಹಲವು ಸಲ ಇಳಿಸಿದ್ದೆ. ದಿನಕ್ಕೆ ಆರು ಸಲ ತಿನ್ನಬೇಕು ಎಂದು ಓದಿ ಆರು ಸಲ ತಿಂದೆ. ಎರಡೇ ಸಲ ತಿನ್ನಬೇಕು ಎಂದು ಓದಿ ಎರಡು ಸಲ ತಿಂದೆ. ಎರಡು ಕಡೆಯ ವಾದಗಳ ಅಂಕಿಅಂಶಗಳಲ್ಲೂ ತಪ್ಪು ಹುಡುಕಿದೆ. ಪ್ರತಿ ಸಲ ಎಂಟು ಹತ್ತು ಕಿಲೋ ಹೋಗುತ್ತಿತ್ತು, ವರ್ಷದೊಳಗೆ ಬಡ್ಡಿಯೊಂದಿಗೆ ಬರುತ್ತಿತ್ತು.

ಅದರ ಮುಂದಿನ ಭಾನುವಾರ ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಸಲಹೆ ಬೇಕಿತ್ತು ಎಂದಲ್ಲ, ಯಾರ ಎದುರಾದರೂ ಹೇಳಬೇಕಿತ್ತು. ಅವರು ಕೇಳುತ್ತಲೇ ನೇಯುತ್ತಿದ್ದರು. ಮಾತು ಮುಗಿದ ಮೇಲೆ ಲಾಳಿ ಪಕ್ಕಕ್ಕಿಟ್ಟು ಮೇಲೆದ್ದರು.

"ಇಳಿ."

"ಎಲ್ಲಿಗೆ ದೊಡ್ಡಪ್ಪ?"

"ಗುಂಡೀಲಿ ಇಳಿ ಕಣ್ಣು. ಕೂತು ನೋಡು." ನಲವತ್ತಾರಾದರೂ ಅವರ ಬಾಯಲ್ಲಿ ನಾನು ಮುದ್ದಿನ 'ಕಣ್ಣು'.

ಇಳಿದೆ. ಹಲಗೆಯ ಮೇಲೆ ಕೂತೆ. ಪಡಮರ ನನ್ನ ಹೊಟ್ಟೆಯನ್ನು ಒತ್ತಿ ಹಿಡಿಯಿತು. ಉಸಿರು ಒಳಗೆಳೆದುಕೊಂಡರೂ ಲಾಳಿಗೆ ಕೈ ನಿಲುಕಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ಮೆಲ್ಲಕ್ಕೆ ಸಾಮಿ! ಅದು ಮಾವನ ಕಾಲದ ಮರ. ಮುರಿದ್ರೆ ಬೇರೆ ಸಿಕ್ಕಲ್ಲ."

ದೊಡ್ಡಪ್ಪ ನಗಲಿಲ್ಲ. ಹೊಟ್ಟೆಗೂ ಮರಕ್ಕೂ ನಡುವೆ ಕೈಬೆರಳು ತೂರಿಸಲು ನೋಡಿದರು, ಆಗಲಿಲ್ಲ. "ನಾಕು ಬೆರಳು ಜಾಗ ಇರ್ಬೇಕು. ಅದು ಬರೋ ತನಕ ವಾರಾವಾರ ಬಾ," ಎಂದರು.

ಆಮೇಲೆ ಊಟಕ್ಕೆ ಕೂತಾಗ ನಾನು ನನ್ನ ಪಾಂಡಿತ್ಯ ತೋರಿಸಿದೆ. ಎಷ್ಟು ಸಲ ಉಣ್ಣಬೇಕು ಎಂಬುದರ ಬಗ್ಗೆ ಓದಿದವರಲ್ಲೇ ಒಮ್ಮತ ಇಲ್ಲ, ಐದು ಸಲವೋ ಎರಡು ಸಲವೋ ಎಂದು ನೀವು ಹೇಗೆ ಹೇಳುತ್ತೀರಿ ಎಂದೆ. ಅವರು ಅನ್ನದ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು.

"ನೇಕಾರರ ಸಂಘದಲ್ಲಿ ಸೀರೆಗಿಷ್ಟು ಅಂತ ನೂಲು ತೂಗಿ ಕೊಡ್ತಾರೆ. ನೀ ಐದು ದಿನ ನೇಯಿ, ಮೂರು ದಿನ ನೇಯಿ, ಅವ್ರು ಕೇಳಲ್ಲ. ಆದ್ರೆ ಮೊದಲ್ನೇ ದಿನಾನೇ ಅಡಚಿ ಅಡಚಿ ಹೊಡೆದ್ರೆ ಸೆರಗಿಗೆ ನೂಲು ಎಲ್ಲಿಂದ ಬರ್ತದೆ? ಇನ್ನೊಂದ್ ಸಲ ಹೋಗಿ ಕೇಳ್ಬೇಕು. ನೀ ಅದೇ ಮಾಡ್ತಾ ಇದೀ. ದಿನಾ ಇನ್ನೊಂದ್ ಸಲ ಹೋಗಿ ಕೇಳ್ತಾ ಇದೀ."

ಅವರು ಹೇಳಿದ ಮಾತು ಇಷ್ಟೇ ಇರಬಹುದು. ಇಷ್ಟು ಚೆನ್ನಾಗಿ ಜೋಡಿಸಿದ್ದು ನಾನೂ ಇರಬಹುದು. ಆದರೆ ಅದಾದ ಮೇಲೆ ಅವರು ಮಾಡಿಸಿದ ಕೆಲಸದ ಬಗ್ಗೆ ಅನುಮಾನವಿಲ್ಲ. ಅಟ್ಟದಿಂದ ಐದು ಡಬ್ಬಿಯ ಹಳೆಯ ಟಿಫನ್ ಕ್ಯಾರಿಯರ್ ಇಳಿಸಿಕೊಟ್ಟರು. ಬೆಳಿಗ್ಗೆಯೇ ಅದರಲ್ಲಿ ಇಡೀ ದಿನದ ಊಟ ತುಂಬಬೇಕು. ಎಷ್ಟು ಹೊತ್ತಿಗೆ ಯಾವ ಡಬ್ಬಿ ತೆಗೆಯುತ್ತೀಯೋ ನಿನ್ನಿಷ್ಟ. ಒಂದೇ ಸಲ ಎರಡು ಡಬ್ಬಿ ತೆಗೆದರೂ ಸರಿ. ತುಂಬಿದ್ದು ಮುಗಿದರೆ ಅವತ್ತಿನದು ಮುಗಿಯಿತು.

ಕೊಯಮತ್ತೂರಿನ ಅಂಚಿನ ಪೋತ್ತನೂರಿನ ನಮ್ಮ ಮನೆಯಲ್ಲಿ ಅದನ್ನು ತುಂಬುವುದು ಮೊದಲ ವಾರ ಒಂದು ಪಂಚಾಯಿತಿಯೇ ಆಯಿತು. ನಾನು ಅಕ್ಕಿ ತೂಗಲು ಅಡುಗೆ ತಕ್ಕಡಿ ತರುತ್ತೇನೆ ಎಂದೆ. ಹೆಂಡತಿ ಸೌಟು ತೋರಿಸಿ, "ಅನ್ನಕ್ಕೆ ಇದರಲ್ಲಿ ಒಂದೂವರೆ. ಜಾಸ್ತಿ ಲೆಕ್ಕ ಮಾಡಿದ್ರೆ ನೀವೇ ಬೇಯಿಸ್ಕೊಳ್ಳಿ," ಎಂದಳು. ಅಲ್ಲಿಗೆ ತೀರ್ಮಾನವಾಯಿತು. ಎರಡು ಡಬ್ಬಿಗೆ ತರಕಾರಿ ಪೊರಿಯಲ್ ಮತ್ತು ಕೀರೆಸೊಪ್ಪು, ಒಂದಕ್ಕೆ ಕಾಳು, ಒಂದಕ್ಕೆ ಅನ್ನ, ಒಂದಕ್ಕೆ ಇಡ್ಲಿಯೋ ಕಂಬಿನ ದೋಸೆಯೋ. ಕಾಲೇಜಿಗೆ ಅದನ್ನು ಹೊತ್ತು ಹೋದಾಗ ಸಹೋದ್ಯೋಗಿಗಳು, "ಏನು ಸಾರ್, ಕುಟುಂಬ ಸಮೇತ ಪಳನಿಗಾ?" ಎಂದು ತಮಿಳಿನಲ್ಲಿ ಕೆಣಕುತ್ತಿದ್ದರು. ಮೊದಲ ಹದಿನೈದು ದಿನ ಮಧ್ಯಾಹ್ನ ಎರಡಕ್ಕೇ ಐದೂ ಡಬ್ಬಿ ಖಾಲಿ. ಸಂಜೆ ಪೂರ್ತಿ ಬರೀ ಮಜ್ಜಿಗೆ, ಮತ್ತೆ ಕೋಪ. ಮೂರನೆಯ ವಾರದಿಂದ ಕೈ ತಾನಾಗಿ ತಡೆಯಿತು. ನಾಲ್ಕು ಹೊತ್ತು ಎಂಬುದು ನನಗೆ ಹೊಂದಿತು. ಇನ್ನೊಬ್ಬರಿಗೆ ಮೂರು ಹೊಂದಬಹುದು.

ಭಾನುವಾರಗಳಲ್ಲಿ ಗುಂಡಿಗಿಳಿಯುವುದು ನಿಲ್ಲಲಿಲ್ಲ. ಮೂರು ತಿಂಗಳಿಗೆ ಒಂದು ಬೆರಳು ತೂರಿತು. ದೊಡ್ಡಪ್ಪ ಅದನ್ನು ಬೀದಿಗೆಲ್ಲ ಹೇಳಿದರು. ಪಕ್ಕದ ಮನೆಯವರು ಬಂದು, "ಎಲ್ಲಿ, ಪ್ರೊಫೆಸರ್ ಹೊಟ್ಟೆ ತೋರ್ಸಿ," ಎಂದು ಕೇಳುವ ಹಾಗಾಯಿತು. ನಾನು ಡಾಕ್ಟರ ಮಾತ್ರೆ ಬಿಟ್ಟಿರಲಿಲ್ಲ. ತೂಕದ ಯಂತ್ರವನ್ನೂ ಬಿಟ್ಟಿರಲಿಲ್ಲ. ಯಂತ್ರವೂ ಪಡಮರವೂ ಒಂದೇ ಮಾತು ಹೇಳುತ್ತಿದ್ದವು.

ಹದಿನಾಲ್ಕು ಕಿಲೋ ಇಳಿದ ಮೇಲೆ ಯಂತ್ರ ನಿಂತಿತು. ಹತ್ತು ವಾರ ಒಂದೇ ಅಂಕಿ. ಹಿಂದೆಲ್ಲ ನಾನು ಕೈಬಿಟ್ಟದ್ದು ಇಂಥ ಘಟ್ಟದಲ್ಲೇ. ಹನ್ನೊಂದನೆಯ ಭಾನುವಾರ ಕ್ಯಾರಿಯರನ್ನು ಚೀಲದಲ್ಲಿ ಹಾಕಿಕೊಂಡು ಹೋದೆ, ವಾಪಸು ಕೊಟ್ಟು ಬರಲು. ದೊಡ್ಡಪ್ಪ ಚೀಲವನ್ನು ನೋಡಿದರು, ನನ್ನ ಮುಖ ನೋಡಿದರು. "ಕಾಪಿ ಕುಡಿ, ಒಳಗೆ ಹೋಗಿ ದೊಡ್ಡಮ್ಮನ್ನ ಮಾತಾಡ್ಸು, ಆಮೇಲೆ ಕೂರುವಂತೆ," ಎಂದರು. ಕಾಪಿ ಕುಡಿದು ಬಂದು ಗುಂಡಿಗಿಳಿದೆ. ಎರಡು ಬೆರಳಿದ್ದ ಜಾಗದಲ್ಲಿ ಮೂರು ಬೆರಳು ಸಲೀಸಾಗಿ ಹೋದವು.

"ನಿನ್ ಮಿಷಿನ್ ಪೊಯ್ ಹೇಳ್ತದೆ," ಎಂದರು ದೊಡ್ಡಪ್ಪ. ಅವರ ಮಾತಿನಲ್ಲಿ ಸುಳ್ಳಿಗೆ ಪೊಯ್ ಎಂದೇ ಬರುತ್ತಿತ್ತು.

ತೂಕ ನಿಂತರೂ ಸೊಂಟ ಇಳಿಯುವುದುಂಟು ಎಂದು ಎಲ್ಲೋ ಓದಿದ್ದು ನೆನಪಾಯಿತು. ಕ್ಯಾರಿಯರನ್ನು ಚೀಲದಿಂದ ತೆಗೆಯದೆ ಮನೆಗೆ ತಂದೆ. ಇನ್ನೆರಡು ವಾರಕ್ಕೆ ಯಂತ್ರವೂ ಕದಲಿತು.

ಅದಾಗಿ ಒಂದು ವರ್ಷದ ಮೇಲೆ, ನನ್ನ ತೂಕ ಎಂಬತ್ತೈದರ ಆಸುಪಾಸಿನಲ್ಲಿ ನೆಲೆ ನಿಂತಿದ್ದಾಗ, ದೊಡ್ಡಮ್ಮ ಅವರೆಕಾಳು ಸುಲಿಯುತ್ತ ಬಾಯಿ ಬಿಟ್ಟರು. "ಅವತ್ತು ನೀ ಕಾಪಿ ಕುಡಿಯೋವಾಗ ಇವ್ರು ಹಲಗೇನ ಹಿಂದಕ್ಕೆ ಸರಿಸ್ಬಿಟ್ರು ಸಾಮಿ. ನಂಗೂ ಹೇಳ್ಬೇಡ ಅಂದ್ರು."

ಅಳತೆಗೋಲನ್ನೇ ತಿದ್ದಿದ್ದರು! ನನ್ನ ವಿದ್ಯಾರ್ಥಿ ಯಾರಾದರೂ ಹಾಗೆ ಮಾಡಿದ್ದರೆ ತರಗತಿಯಿಂದ ಹೊರಗೆ ಕಳಿಸುತ್ತಿದ್ದೆ. ಮಗ್ಗದ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ಪೊಯ್ ಹೇಳಿದ್ದು ಮಿಷಿನ್ನಾ, ನೀವಾ ದೊಡ್ಡಪ್ಪ?"

ಅವರು ದೊಡ್ಡಮ್ಮನ ಕಡೆ ಒಮ್ಮೆ ದುರುಗುಟ್ಟಿ ನೋಡಿ, ನೂಲಿನ ಎಳೆಯೊಂದನ್ನು ಗಂಟು ಹಾಕುತ್ತ ಉತ್ತರ ಕೊಟ್ಟರು.

"ನಾನೇ. ನೀ ಚೀಲ ತಂದಿದ್ದಿ. ಏನ್ ಮಾಡ್ಲಿ?"

ಗಂಟನ್ನು ಬಿಗಿದು ಮುಗಿಸಿದರು.

"ನಿಮ್ಮಪ್ಪಂಗೆ ನಾ ಒಂದ್ ಸಲಾನೂ ಹೇಳ್ಲಿಲ್ಲ. ತಿಂಗಳಿಗೊಂದ್ ಸಲ ಬರ್ತಿದ್ದ. ಟೌನ್ನಿಂದ ತಮ್ಮ ಬಂದ ಅಂತ ಅವನ ಎಲೆಗೆ ಒಬ್ಬಟ್ಟು ಹಾಕ್ತಿದ್ದೋನು ನಾನೇ. ಬೇಡಾಂದ್ರೂ ಹಾಕ್ತಿದ್ದೆ. ಅವನ ಹೊಟ್ಟೆ ನೋಡಿ, ಪರ್ವಾಗಿಲ್ಲ, ಚೆನ್ನಾಗಿದ್ದಾನೆ ಅಂದ್ಕೊಂಡೆ. ಅವನ್ನ ಒಂದ್ ಸಲ ಇಲ್ಲಿ ಕೂರ್ಸಿ ನೋಡಿದ್ರೆ ಗೊತ್ತಾಗೋದು. ಕೂರ್ಸಲಿಲ್ಲ ಕಣ್ಣು. ಟೌನ್ ವೇಷ್ಟಿ, ಬಿಳಿ ಪಂಚೆ, ಕೊಳೆಯಾಗ್ತದೆ ಅಂದ್ಕೊಂಡೆ."

ಇದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತೇ? ಆಗಿತ್ತು ಎಂದು ಬರೆಯುವ ಆಸೆ ಇದೆ. ಆದರೆ ನಾನು ನೋಡಿದ್ದು ಅವರ ಬೆರಳುಗಳನ್ನು. ಗಂಟು ಹಾಕಿ ಮುಗಿದ ಎಳೆಯನ್ನು ಅವರು ಮತ್ತೆ ಮತ್ತೆ ನೀವುತ್ತಿದ್ದರು. ಅಪ್ಪನ ಕಾಲಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅದು ತನ್ನ ತಪ್ಪು ಎಂದು ಅಮ್ಮ ಅಂದುಕೊಂಡೇ ತೀರಿಕೊಂಡಿದ್ದಳು. ಇನ್ನೊಂದು ಮನೆಯಲ್ಲಿ, ಮಗ್ಗದ ಮುಂದೆ, ಇನ್ನೊಬ್ಬರೂ ಅದನ್ನೇ ಅಂದುಕೊಂಡು ಅಷ್ಟು ವರ್ಷ ಕೂತಿದ್ದರು.

"ನೀವು ಹೇಳಿದ್ರೆ ಅಪ್ಪ ಕೇಳ್ತಿದ್ರಾ?" ಎಂದೆ.

ಅವರು ನಕ್ಕರು. "ಅವನಾ? ಇನ್ನೊಂದ್ ಒಬ್ಬಟ್ಟು ಕೇಳ್ತಿದ್ದ."

ಇಬ್ಬರೂ ಬಹಳ ಹೊತ್ತು ನಕ್ಕೆವು. ಅಪ್ಪನನ್ನು ನೆನೆದು ನಾನು ಹಾಗೆ ನಕ್ಕಿದ್ದು ಅದೇ ಮೊದಲು.

ಕಳೆದ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ದೊಡ್ಡಪ್ಪ ಹಾಸಿಗೆ ಹಿಡಿದರು. ಎಂಬತ್ತು ದಾಟಿತ್ತು. ನೋವಿರಲಿಲ್ಲ, ಶಕ್ತಿ ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಒಂದು ಬೆಳಿಗ್ಗೆ ನಾನು ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದೆ. ಆರು ಚಮಚ ಆಗಿತ್ತು. ಬಟ್ಟಲಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಏಳನೆಯ ಚಮಚ ತುಂಬಿ, "ಇದೊಂದೇ ದೊಡ್ಡಪ್ಪ, ನನಗೋಸ್ಕರ," ಎಂದೆ. ಹೇಳಿದ ಮೇಲೆ ಗೊತ್ತಾಯಿತು, ನಮ್ಮ ಬೀದಿಯ ಎಲ್ಲ ಅಣ್ಣಂದಿರೂ ಅಮ್ಮಂದಿರೂ ಹೇಳುವ ಮಾತು ಅದೇ.

ಅವರು ನನ್ನ ಮುಂಗೈ ಹಿಡಿದುಕೊಂಡರು. ಹಿಡಿತದಲ್ಲಿ ಬಲವಿರಲಿಲ್ಲ.

"ಸಾಕು ಕಣ್ಣು."

ಬಟ್ಟಲು ಕೆಳಗಿಟ್ಟೆ.

"ನೀ ಉಂಡ್ಯಾ?"

"ಇನ್ನೂ ಇಲ್ಲ."

"ಹೋಗಿ ಉಣ್ಣು. ಹಸಿದ್ಕೊಂಡು ಇಲ್ಲಿ ಕೂತ್ಕೋಬೇಡ. ದೊಡ್ಡಮ್ಮ ಬಿಸಿ ದೋಸೆ ಹಾಕ್ತಾಳೆ."

ಹೋಗಿ ಎರಡು ದೋಸೆ ತಿಂದೆ. ಅವರು ಕೇಳಿಸಿಕೊಳ್ಳುತ್ತಿದ್ದರೇನೋ, ಮೂರನೆಯ ದೋಸೆ ಬೇಡ ಎಂದು ನಾನು ಹೇಳಿದಾಗ ಒಳಗಿನಿಂದ ಕೆಮ್ಮಿದರು. ಅದು ನಗುವೂ ಇರಬಹುದು. ಅದಾದ ನಾಲ್ಕನೆಯ ದಿನ ತೀರಿಕೊಂಡರು.

ಒಬ್ಬನೇ ಮನುಷ್ಯನ ಮೇಲೆ ಮಾಡಿದ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ. ನನ್ನ ತೂಕ ಇಳಿಸಿದ್ದು ಕ್ಯಾರಿಯರೋ, ಪ್ರತಿ ಭಾನುವಾರ ಬಸ್ ನಿಲ್ದಾಣದಿಂದ ಆ ಬೀದಿಗೆ ನಡೆದ ನಡಿಗೆಯೋ, ಡಾಕ್ಟರ ಮಾತ್ರೆಯೋ, ಹೆಂಡತಿಯ ಸೌಟೋ, ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಇಳಿದದ್ದು ಮೂರು ವರ್ಷದಿಂದ ಇಳಿದೇ ಇದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಸಂಕ್ರಾಂತಿಗೆ ಶುರುವಾಗುವ ಕಳೆದ ತೈ ತಿಂಗಳಿಗೆ ನನಗೆ ಐವತ್ತೊಂದು ತುಂಬಿತು, ಅಪ್ಪನ ಬೆರಳು ತೆಗೆದ ವಯಸ್ಸು. ಅವತ್ತು ಬೆಳಿಗ್ಗೆ ಸ್ನಾನ ಮಾಡಿ ಬಂದು, ಮಂಚದ ತುದಿಯಲ್ಲಿ ಕೂತು, ಎರಡೂ ಪಾದಗಳನ್ನು ಬೆರಳ ಸಂದಿಯವರೆಗೆ ಒರೆಸಿಕೊಂಡೆ. ಹತ್ತೂ ಬೆರಳು ಇದ್ದವು. ಚಪ್ಪಲಿ ಮೆಟ್ಟಿ ಕಾಲೇಜಿಗೆ ಹೊರಟೆ.