ಸುಧಾರಿಸ್ತೇನೆ ಎಂದ ತಪ್ಪಿಗೆ

ಮುಂಬೈಯ ಅಂಧೇರಿಯ ಹೊಸ ಶಾಖೆಗೆ ಮುಖ್ಯಸ್ಥರನ್ನು ಆರಿಸಲು ನಮ್ಮ ಹೋಟೆಲಿನ ಧಣಿಗಳು ಬೆಂಗಳೂರಿನಿಂದ ಒಬ್ಬ ಲೀಡರ್‌ಶಿಪ್ ಕೋಚನ್ನು ಕರೆಸಿದ್ದರು. ಮ್ಯಾನೇಜರುಗಳ ಪ್ರತಿಭೆ ಹುಡುಕಿ ಬೆಳೆಸುವುದು ಆತನ ಕಸುಬಂತೆ.

"ಅಡುಗೆಯವರು ಹೇಳದೆ ಊರಿಗೆ ಹೋದರೆ ಏನು ಮಾಡ್ತೀರಿ?" ಎಂದು ನನ್ನನ್ನು ಕೇಳಿದ.

"ಸುಧಾರಿಸ್ತೇನೆ ಸರ್."

"ಗಿರಾಕಿ ಗಲಾಟೆ ಮಾಡಿದರೆ?"

"ಅದೂ ಸುಧಾರಿಸ್ತೇನೆ."

ನಮ್ಮ ಉಡುಪಿ ಕಡೆ ಹಾಗೆಂದರೆ ನಿಭಾಯಿಸುತ್ತೇನೆ ಎಂದರ್ಥ. ಧಣಿಗಳ ಗ್ರಾಂಟ್ ರೋಡ್ ಹೋಟೆಲಲ್ಲಿ ಇಪ್ಪತ್ತೆರಡು ವರ್ಷ ಮ್ಯಾನೇಜರಾಗಿ ನಾನು ಮಾಡಿದ್ದೂ ಅದನ್ನೇ. ಆತ ವರದಿಯಲ್ಲಿ ಬರೆದದ್ದು: "ಕೊರತೆಗಳನ್ನು ತಾವೇ ಒಪ್ಪುತ್ತಾರೆ. ಇನ್ನೂ ಸುಧಾರಿಸಬೇಕು."

ಕುರ್ಚಿ ಧಣಿಗಳ ಅಳಿಯನಿಗೆ ಹೋಯಿತು. ಅವನಲ್ಲಿ ದೂರದೃಷ್ಟಿಯ ಪ್ರತಿಭೆ ಸಿಕ್ಕಿತಂತೆ.

ಮರುದಿನವೇ ಧಣಿಗಳ ಫೋನ್: "ಅಳಿಯನಿಗೆ ಹೋಟೆಲ್ ಕೆಲಸ ಗೊತ್ತಿಲ್ಲ ಮಾರಾಯ್ರೇ. ಆರು ತಿಂಗಳು ಅಂಧೇರಿಗೆ ಹೋಗಿ ನೀವೇ ಸ್ವಲ್ಪ ಸುಧಾರಿಸಿ."

ಧಣಿಗಳೂ ಉಡುಪಿಯವರೇ. ವರದಿ ಓದುವಾಗ ಮಾತ್ರ ಆ ಶಬ್ದದ ಅರ್ಥ ಅವರಿಗೆ ಮರೆತಿತ್ತು.