ಮಳೆಯಿಲ್ಲದೆ ಸೋರುತ್ತಿದ್ದ ಕಲ್ಲೂರಿನ ತಗಡು

ಟಪ್.

ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಪ್. ಹಿತ್ತಾಳೆಯ ಪರಾತದ ಮೇಲೆ ನೀರಿನ ಹನಿ ಬೀಳುವ ಸದ್ದು. ಡಿಸೆಂಬರ್ ತಿಂಗಳು, ಆಕಾಶದಲ್ಲಿ ಮೋಡದ ಚೂರಿಲ್ಲ. ಕಲ್ಲೂರಿನ ನಮ್ಮ ತಗಡಿನ ಶೆಡ್ಡಿನೊಳಗೆ ಮಾತ್ರ ಮಳೆ. ಎಂಬತ್ತರ ದಶಕದ ರಾಯಚೂರು ಅಂದರೆ ಎಲ್ಲರಿಗೂ ಬಿಸಿಲು ನೆನಪಾಗುತ್ತದೆ. ನನಗೆ ಈ ಟಪ್.

ಹೋದ ವಾರ ಮಾನ್ವಿಗೆ ಹೋಗಿದ್ದೆ. ಪರಿಚಯದವರೊಬ್ಬರು ಕೋಳಿ ಫಾರ್ಮ್ ಕಟ್ಟಿಸುತ್ತಿದ್ದಾರೆ. ಛಾವಣಿಯ ಒಳಮೈಗೆ ಒಬ್ಬ ತರುಣ ಪೈಪು ಹಿಡಿದು ಏನೋ ಹೊಡೆಯುತ್ತಿದ್ದ. "ಸ್ಪ್ರೇ ಫೋಮ್ ರೀ ಅಜ್ಜಿ, ಲೇಟೆಸ್ಟ್ ಟೆಕ್ನಾಲಜಿ. ಒಳಗ ತೇವ ಆಗಂಗಿಲ್ಲ," ಅಂದ. "ಹೌದಾ?" ಅಂದೆ. (ಈ ವಯಸ್ಸಿನಲ್ಲಿ ಆಶ್ಚರ್ಯಪಡುವುದೂ ಒಂದು ಮ್ಯಾನರ್ಸ್.) ಆದರೆ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಅಮರಮ್ಮನ ಶೆಡ್ಡಿನಲ್ಲಿದ್ದೆ.

ಅಮರಮ್ಮ ನನ್ನ ಗಂಡನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಕಲ್ಲೂರಿನ ತವರಿಗೆ ಬಂದವಳು, ಹೊಲ ತಾನೇ ಮಾಡಿಸುತ್ತಿದ್ದಳು. ನನ್ನ ಗಂಡನಿಗೆ ರಾಯಚೂರಿನಲ್ಲಿ ಆಫೀಸು, ಮೈದುನ ಶರಣಪ್ಪನಿಗೆ ದೇವದುರ್ಗದಲ್ಲಿ ಮಾಸ್ತರಿಕೆ. ನನ್ನನ್ನು ಆಕೆ ಹೆಸರು ಹಿಡಿದು ಕರೆದದ್ದೇ ಕಡಿಮೆ. "ಬಾರವ್ವ ಕಾನ್ವೆಂಟವ್ವ," ಅನ್ನುವಳು. ನನಗೆ ಅದು ಬೈಗುಳವೋ ಬಿರುದೋ ಕೊನೆಯತನಕ ತಿಳಿಯಲಿಲ್ಲ.

ಮೊದಲು ಜೋಳವೆಲ್ಲ ಹಗೇವಿನಲ್ಲಿರುತ್ತಿತ್ತು. ಈಗಿನವರಿಗೆ ಹೇಳಬೇಕು: ಹಗೇವು ಅಂದರೆ ನೆಲದಡಿಯ ಆಳವಾದ ಗುಂಡಿ. ಕಾಳು ತುಂಬಿ ಬಾಯಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆಮೇಲೆ ಕಾಲುವೆ ಬಂತು. ಸುತ್ತಮುತ್ತ ಭತ್ತ ಬಂತು, ಕೈಯಲ್ಲಿ ದುಡ್ಡು ಓಡಾಡಿತು. ನೆಲದಡಿಯಿಂದ ತೇವವೂ ಬಂತು. ಒಂದು ವರ್ಷ ಹಗೇವು ತೆಗೆದರೆ ಜೋಳದ ಬದಲು ಬೂಸು ಹಿಡಿದ ಮುದ್ದೆ. ನೆಲ ಕೈಕೊಟ್ಟಿತು ಅಂತ ಅಣ್ಣತಮ್ಮ ಸೇರಿ ದನದ ಕೊಟ್ಟಿಗೆಯ ಹಳೆಯ ಮಣ್ಣಿನ ಮಾಳಿಗೆ ಕಿತ್ತು, ಫಳಫಳ ಹೊಳೆಯುವ ತಗಡು ಹೊದಿಸಿದರು. ಅರ್ಧದಲ್ಲಿ ದನ, ಅರ್ಧದಲ್ಲಿ ಜೋಳದ ಚೀಲ. ಊರವರು ನೋಡಲು ಬಂದರು. ಭಾರಿ ಮಾಡರ್ನ್.

ಮೊದಲ ಚಳಿಗಾಲದಲ್ಲೇ ಟಪ್ ಶುರು.

ತೂತು ಹುಡುಕಿದರು. ಮೊಳೆ ಹೊಡೆದ ಜಾಗಕ್ಕೆಲ್ಲ ಡಾಂಬರು ಬಳಿದರು. ಶರಣಪ್ಪ ಒಳಗೆ ನಿಂತು ಹಗಲು ಬೆಳಕು ಕಾಣುತ್ತದೋ ಅಂತ ಕತ್ತು ನೋಯುವಷ್ಟು ಹೊತ್ತು ನೋಡಿದ. ಒಂದು ಕಿರಣವೂ ಇಲ್ಲ. ಬೆಳಿಗ್ಗೆ ಮತ್ತೆ ಟಪ್. ಮೇಲಿನ ಸಾಲಿನ ಚೀಲ ಕಪ್ಪಾದವು, ಕೆಲವು ಮೊಳಕೆಯೊಡೆದವು. ದಿನಾ ಬೆಳಿಗ್ಗೆ ಅಮರಮ್ಮ ಶೆಡ್ಡಿನೊಳಗೆ ಕಾಲಿಡುವಾಗ ಬಲಗೈ ಅಂಗೈ ಮೇಲೆ ಮಾಡಿ ಸೊಂಟದೆತ್ತರಕ್ಕೆ ಹಿಡಿದಿರುತ್ತಿದ್ದಳು, ತೀರ್ಥ ತಗೊಳ್ಳುವವರ ಹಾಗೆ. ಹನಿ ಬಿದ್ದರೆ ಸೆರಗಿಗೆ ಒರೆಸಿಕೊಳ್ಳುವಳು.

ಎರಡನೆಯ ವರ್ಷವೂ ಚೀಲ ಕೆಟ್ಟಾಗ ಅಣ್ಣತಮ್ಮ ತೀರ್ಪು ಕೊಟ್ಟರು.

"ಅಕ್ಕಾ, ಇನ್ನೊಂದು ಥಂಡಿಕಾಲ ನೋಡೂಣು," ಅಂದ ಶರಣಪ್ಪ. "ಮತ್ತ ಹಿಂಗಾದ್ರ ಹೊಲ ಯಾರಿಗರ ಲಾವಣಿ ಹಾಕಿ, ಗುತ್ತಿಗಿ ರೊಕ್ಕ ತಗೊಂಡು, ದನ ಮಾರಿ, ನೀ ರಾಯಚೂರಿಗೆ ಬಂದುಬಿಡು."

"ಬಂದು ಏನ್ ಮಾಡ್ಲಿ? ಎರಡು ಖೋಲಿ ಮನಿ. ಟೀವಿ ಬಾಜೂಕ ನನ್ನೂ ಒಂದು ಸ್ಟೂಲಿನ ಮ್ಯಾಲ ಇಡ್ತೀರೇನು?"

ಯಾರೂ ನಗಲಿಲ್ಲ. ಆಕೆ ತಮಾಷೆ ಮಾಡಿರಲಿಲ್ಲ.

ಒಬ್ಬಂಟಿ ಹೆಂಗಸಿನ ಮನೆಯ ಸೋರಿಕೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಗಮನಿಸಿದ್ದೀರಾ? ರಾಯಚೂರಿನಲ್ಲಿ ನಮ್ಮ ಬಚ್ಚಲುಮನೆ ವರ್ಷಗಟ್ಟಲೆ ಸೋರಿತು. ಅದಕ್ಕಾಗಿ ನನ್ನ ಗಂಡನಿಗೆ ಮನೆ ಬಿಟ್ಟು ಕಲ್ಲೂರಿಗೆ ಬಾ ಅಂತ ಯಾರೂ ಹೇಳಲಿಲ್ಲ.

ರಾಯಚೂರಿನ ನಮ್ಮ ಓಣಿಯಲ್ಲಿ ಮೌಲಾಸಾಬ್ ಅಂತ ಒಬ್ಬನಿದ್ದ. ಕಪ್ಪು ಕನ್ನಡಕ, ಬಾಯ್ತುಂಬ ಬಡಾಯಿ. ಹೈದರಾಬಾದಿನಲ್ಲಿ ಕೆಲಸ ಕಲಿತು ಬಂದು, ಊರ ಹೊರಗೆ ಏಳುತ್ತಿದ್ದ ಒಂದು ಕೋಲ್ಡ್ ಸ್ಟೋರೇಜಿನ ಗೋಡೆಗೆ ಫೋಮ್ ಹೊಡೆಯುತ್ತಿದ್ದ. ಶೆಡ್ಡಿನ ಕಥೆ ಕೇಳಿ ನಕ್ಕ.

"ತೂತು ಎಲ್ಲಿಂದ ಸಿಗ್ತದ ಭಾಭಿ? ನೀರು ಮ್ಯಾಲಿಂದ ಬರಾಕತ್ತಿಲ್ಲ. ದನದ ಉಸಿರು ಗರಮ್, ತಗಡು ಥಂಡಾ. ತಗಡಿಗೆ ಪಸೀನಾ, ಬೆವರು ಬರ್ತದ."

"ಕಂಡೆನ್ಸೇಷನ್," ಅಂದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನಿಂದ ಬರೆಸಿ ಬರೆಸಿ ಬಾಯಿಪಾಠ ಮಾಡಿಸಿದ್ದ ಸ್ಪೆಲಿಂಗ್.

"ಅದೇ ರೀ, ನಿಮ್ಮ ಇಂಗ್ಲೀಷಿನ ಪಸೀನಾ."

ಒಳಮೈಗೆ ಫೋಮ್ ಹೊಡೆದರೆ ಉಸಿರು ತಗಡಿಗೆ ತಾಗುವುದಿಲ್ಲ ಅಂದ. ಅವನ ಕೆಲಸ ಮುಗಿದು ಫೋಮಿನ ಸ್ವಲ್ಪ ಮಾಲು ಉಳಿದಿತ್ತು, ಇಟ್ಟರೆ ಕೆಡುವಂಥದ್ದು. ಮಾಲೀಕನನ್ನು ಕೇಳಿಯೇ ತಂದ. ಒಂದು ಭಾನುವಾರ ನಸುಕಿನಲ್ಲೇ ಡ್ರಮ್ಮು, ಮಷೀನು, ನಾವು ಎಲ್ಲರೂ ಒಂದೇ ಟೆಂಪೋದಲ್ಲಿ ಕಲ್ಲೂರಿಗೆ. ಶರಣಪ್ಪ ದೇವದುರ್ಗದಿಂದ ಹಿಂದಿನ ದಿನವೇ ಬಂದು ಕಾದಿದ್ದ.

ಸೂರ್ಯ ಹುಟ್ಟುವುದರೊಳಗೆ ಶುರುವಾಗಬೇಕು ಅಂತ ಅಮರಮ್ಮನ ಕಟ್ಟಪ್ಪಣೆ. ದನ ಹೊರಗೆ ಕಟ್ಟಿತ್ತು, ಚೀಲಗಳಿಗೆ ತಾಡಪತ್ರಿ ಹೊದಿಸಿತ್ತು. ಕಂಬಕ್ಕೆ ವಿಭೂತಿ, ಬಾಗಿಲಿಗೆ ಮಾವಿನೆಲೆ. ಮೌಲಾಸಾಬ್ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ನಮ್ಮನ್ನೆಲ್ಲ ಆಚೆ ಕಳಿಸಿ, ಸಿನಿಮಾ ಹೀರೋ ಥರ ಪೈಪು ಎತ್ತಿದ. ತೆಳ್ಳಗೆ ಹಳದಿ ನೀರು ಚಿಮ್ಮಿತು. ನೋಡನೋಡುತ್ತ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿತು. ಬಾಗಿಲಲ್ಲಿ ಇಣುಕುತ್ತಿದ್ದ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡೇ ಬೆರಗಾದರು.

ಅರ್ಧ ಛಾವಣಿ ಮುಗಿದು ಘಾಟು ಇಳಿದ ಮೇಲೆ ಶರಣಪ್ಪ ಒಳಗೆ ಹೋಗಿ ತಲೆಯೆತ್ತಿ ನಿಂತ. ಹಪ್ಪಳದ ಹಾಳೆಯಂತೆ ಒಂದು ಚಕ್ಕೆ ಕಳಚಿ ಮಾಸ್ತರರ ತಲೆಯ ಮೇಲೇ ಬಿತ್ತು. ಹಿಂದೆಯೇ ಇನ್ನೊಂದು.

ಮೌಲಾಸಾಬ್ ಕನ್ನಡಕ ತೆಗೆದು ತಗಡು ಮುಟ್ಟಿ ನೋಡಿದ. ಒದ್ದೆ.

"ಅಮ್ಮಾ, ಇದಕ್ಕ ನೀರು ಯಾರ್ ಹಾಕ್ಯಾರ?"

"ನಾನಽ. ನಿನ್ನಿ ಸಂಜಿಮುಂದ ಗಳಕ್ಕ ಅರಿವಿ ಕಟ್ಟಿ ಸ್ವಚ್ಛ ತೊಳಸೀನಿ. ಹೊಸಾ ಕೆಲಸ, ಮೈಲಿಗಿ ತಗಡಿಗೆ ಹೆಂಗ ಸುರು ಮಾಡೂದು?"

"ಯಾ ಅಲ್ಲಾ. ನೀರು ಬ್ಯಾಡ ಅಂತ ನಾ ಇಷ್ಟು ದೂರ ಬಂದೀನಿ, ನೀವು ತಗಡಿಗೇ ಜಳಕ ಮಾಡಿಸೀರಿ. ಹಸಿ ತಗಡಿಗೆ ಇದು ಹಿಡಿಯಂಗಿಲ್ಲ."

"ನೀ ಹೊಡಿಯೂಕಿಂತ ಮೊದ್ಲು ಮುಟ್ಟಿ ನೋಡಬಾರದೇನಪ್ಪಾ? ಕಣ್ಣಿಗೆ ಕರೀ ಚಾಳೀಸು ಹಾಕ್ಕೊಂಡ್ರ ಹಸಿ ಯಾವ್ದು, ಒಣಾ ಯಾವ್ದು?"

ಮೌಲಾಸಾಬ್ ಕನ್ನಡಕ ಜೇಬಿಗೆ ಹಾಕಿಕೊಂಡ. ಮಾಲು ಅರ್ಧ ನೆಲದ ಮೇಲಿತ್ತು. ಉಳಿದದ್ದು ಅರ್ಧ ಛಾವಣಿಗಷ್ಟೇ ಸಾಕು. ದನದ ಮೇಲೋ, ಜೋಳದ ಮೇಲೋ? ಅಮರಮ್ಮ ಚೀಲದ ಕಡೆ ಕೈ ತೋರಿಸಿದಳು. ಬಿಸಿಲು ಏರಿ ತಗಡು ಕಾದು ಒಣಗುವತನಕ ಎಲ್ಲರೂ ಜಾಲಿಮರದ ಕೆಳಗೆ ರೊಟ್ಟಿ ತಿನ್ನುತ್ತ ಕೂತೆವು. ಮಧ್ಯಾಹ್ನ ಹೊಡೆದದ್ದು ಹಿಡಿಯಿತು. "ಇನ್ನ ಈ ಕಡಿ ಕಂದೀಲು ತರಬ್ಯಾಡ್ರಿ, ಬೆಂಕಿ ಹತ್ತತದ," ಅಂತ ಎರಡೆರಡು ಸಲ ಹೇಳಿ ಮೌಲಾಸಾಬ್ ಟೆಂಪೋ ಹತ್ತಿದ.

ಆ ಡಿಸೆಂಬರಿನಲ್ಲಿ ಅಣ್ಣತಮ್ಮ ಪರೀಕ್ಷೆಗೆ ಬಂದರು, ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ. ನಾನೂ ಜೊತೆಗಿದ್ದೆ. ನಸುಕಿನಲ್ಲಿ ಶೆಡ್ಡಿನ ಬಾಗಿಲು ತೆಗೆದರೆ ಕೇಳಿಸಿದ್ದು ಏನು?

ಟಪ್.

"ನೋಡಕ್ಕಾ. ಬೀಳಾಕತ್ತದ," ಅಂದ ಶರಣಪ್ಪ. ದನಿಯಲ್ಲಿ ದುಃಖ ಅಷ್ಟೇನೂ ಇರಲಿಲ್ಲ.

ಅಮರಮ್ಮ ತಮ್ಮನ ಕೈ ಹಿಡಿದು ಒಳಗೆ ಕರೆದೊಯ್ದು, ಮೇಲಿನ ಸಾಲಿನ ಚೀಲದ ಬಾಯಿ ಬಿಚ್ಚಿ, ಮೊಳಕೈತನಕ ತುರುಕಿಸಿದಳು. "ಹಸಿ ಅದ ಏನು?"

"ಇಲ್ಲ."

"ಟಪ್ ಅನ್ನಾಕತ್ತಿದ್ದು ಆಕಳ ಕಡೀಂದು. ಅದರ ಉಸಿರು, ಅದರ ಮೈಮ್ಯಾಲೇ ಬೀಳ್ತದ. ನಿನಗೇನು ತ್ರಾಸು?"

ನನ್ನ ಗಂಡ ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಚಹಾ ಕೇಳಿದರು. ಲಾವಣಿಯ ಮಾತು ಅಲ್ಲಿಗೆ ಮುಗಿಯಿತು. ಅಮರಮ್ಮ ಕಲ್ಲೂರಿನಲ್ಲೇ ಉಳಿದಳು. ಫೋಮ್ ಬರುಬರುತ್ತ ಸೀದ ರೊಟ್ಟಿಯ ಬಣ್ಣಕ್ಕೆ ತಿರುಗಿತು, ಗುಬ್ಬಿಗಳು ಅಲ್ಲಲ್ಲಿ ಕೊರೆದು ಗೂಡು ಮಾಡಿದವು. ಜೋಳ ಕೆಡಲಿಲ್ಲ.

ಆಕೆಯನ್ನು ಕೊನೆಯ ಸಲ ಕಂಡದ್ದು ಕೆಲವು ವರ್ಷಗಳ ನಂತರ, ಕಲ್ಲೂರಿನ ಬಸ್ ಸ್ಟಾಪಿನಲ್ಲಿ. ನಾನು ರಾಯಚೂರಿನ ಬಸ್ಸಿನ ಕಿಟಕಿಯಲ್ಲಿ, ಆಕೆ ಕೆಳಗೆ. "ಮತ್ಯಾವಾಗ ಬರ್ತಿ, ಕಾನ್ವೆಂಟವ್ವ?" ಅಂದಳು. ಸಂಕ್ರಾಂತಿಗೆ, ಅಂದೆ. (ಆ ಸಂಕ್ರಾಂತಿಗೆ ಆಕೆಯೇ ಇರಲಿಲ್ಲ.) ಬಸ್ಸು ಹೊರಟ ಮೇಲೆ ತಿರುಗಿ ನೋಡಿದೆ. ಆಕೆ ಬಲಗೈಯನ್ನು ಸೊಂಟದೆತ್ತರಕ್ಕೆ ಚಾಚಿ ಅಂಗೈ ಮೇಲೆ ಮಾಡಿ ನಿಂತಿದ್ದಳು. ಚುರುಚುರು ಬಿಸಿಲು, ಮೋಡದ ಚೂರಿಲ್ಲ.

ಅದು ನನಗೆ ಹೋಗಿ ಬಾ ಅಂದದ್ದೋ, ಹನಿ ಬೀಳುತ್ತದೋ ಅಂತ ನೋಡಿದ್ದೋ?